ಗಾಳದ ಎರೆ: ಮಕ್ತಲ್–ಗದ್ವಾಲ್ ಸೀಮೆಯ ಕೈಕೆಲಸ

ಎರೆ ಎಂದರೆ ಮೀನನ್ನು ಗಾಳದತ್ತ ಸೆಳೆಯಲು ಮನೆಯಲ್ಲೇ ಹೊಂದಿಸಿಕೊಳ್ಳುವ ತಿನಿಸು ಅಥವಾ ಬೊಂಬೆ. ಹಿಟ್ಟಿನ ಉಂಡೆ, ಎರೆಹುಳು, ಕಪ್ಪೆ ಇವು ಸಹಜ ಎರೆ. ಮರ, ತಗಡು, ರಬ್ಬರಿನಿಂದ ಮಾಡಿ ಬಣ್ಣ ಬಳಿದದ್ದು ಕೃತಕ ಎರೆ. ಮೊದಲನೆಯದು ಬಹುಪಾಲು ಮೀನಿನ ಮೂಗಿಗೆ, ಎರಡನೆಯದು ಕಣ್ಣಿಗೆ.

ಕರ್ನಾಟಕ ದಾಟಿ ಬರುವ ಕೃಷ್ಣೆ ನಾರಾಯಣಪೇಟೆ ಜಿಲ್ಲೆಯ ತಂಗಿಡಿ ಬಳಿ ತೆಲಂಗಾಣ ಸೇರುತ್ತದೆ; ಭೀಮೆ ಅದನ್ನು ಕೂಡುವುದೂ ಅಲ್ಲಿಯೇ. ದಂಡೆಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಕೆಳಗಿನ ಗದ್ವಾಲ್ ಸೀಮೆಯ ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದಕ್ಕೆ ತುಂಗಭದ್ರೆ. ಮಳೆಗಾಲದಲ್ಲಿ ಈ ಹೊಳೆಗಳು ಕೆಂಪಗೆ, ಕದಡಿಕೊಂಡು ಹರಿಯುತ್ತವೆ. ಕಣ್ಣು ಕಾಣದ ನೀರಿನಲ್ಲಿ ಬಣ್ಣಕ್ಕೆ ಬೆಲೆಯಿಲ್ಲ. ಇಲ್ಲಿ ವಾಸನೆಯ ಎರೆಗೆ ಮೊದಲ ಸ್ಥಾನ ಸಿಗಲು ಇದು ದೊಡ್ಡ ಕಾರಣ.

ಈ ಎರೆಯ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟವನು ಈ ನಾಡನ್ನೇ ಆಳಿದ ಅರಸ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ಸುಮಾರು 35 ಬಗೆಯ ಮೀನುಗಳನ್ನು ಅವನು ಹೆಸರಿಸುತ್ತಾನೆ; ಹೊಳೆಯವು, ಕಡಲಿನವು, ಹುರುಪೆ ಇದ್ದವು, ಬರಿಯ ಚರ್ಮದವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಎಂಬುದನ್ನೂ ಹೇಳುತ್ತಾನೆ: ಕೆಲವಕ್ಕೆ ಹಿಟ್ಟು, ಹಿಂಡಿ, ಅನ್ನದ ಉಂಡೆ, ಕೆಲವಕ್ಕೆ ಮಾಂಸ. ಮೀನಿನ ಬಾಯಿರುಚಿ ತಿಳಿದ ಮೇಲೆಯೇ ಎರೆ ಎಂಬ ಈ ಕ್ರಮ ದಂಡೆಯ ಮೇಲೆ ಕೂತು ನೋಡಿದವರದ್ದು. ಅಂತಃಪುರದಲ್ಲಿ ಕೂತು ಬರೆಯಲಾಗುವಂಥದ್ದಲ್ಲ. ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೀನುಗಳನ್ನು ಗುರುತಿಸಲು ಯತ್ನಿಸಿ ಪ್ರಬಂಧ ಪ್ರಕಟಿಸಿದರು.

ಉಂಡೆ ಕಟ್ಟುವುದು ಸುಲಭವೆಂದು ಕಾಣುತ್ತದೆ, ಆದರೆ ನೀರಿಗೆ ಬಿದ್ದೊಡನೆ ಕರಗಿದರೆ ಕೆಲಸ ಕೆಟ್ಟಿತು, ಕಲ್ಲಿನಂತಾದರೂ ಕೆಟ್ಟಿತು. ಜೋಳ ಅಥವಾ ಗೋಧಿ ಹಿಟ್ಟಿಗೆ ಶೇಂಗಾ ಹಿಂಡಿಯ ಪುಡಿ ಬೆರೆಸಿ ಬಿಗಿಯಾಗಿ ನಾದುತ್ತಾರೆ. ಹತ್ತಿಯ ಎಳೆ ಒಂದಿಷ್ಟು ಸೇರಿಸಿದರೆ ಹಿಟ್ಟು ಗಾಳವನ್ನು ಕಚ್ಚಿಕೊಂಡು ನಿಲ್ಲುತ್ತದೆ. ವಾಸನೆಗೆ ಇಂಗು, ಸೋಂಪು. ಕಾವೇರಿಯ ಮಹಶೀರ್ ಮೀನಿನ ಬೇಟೆಯಲ್ಲಿ ಈ ಉಂಡೆಯೇ ರಾಗಿ ಮುದ್ದೆಯಾಗಿ ಹೆಸರು ಮಾಡಿತು.

ಹೊಳಪಿನ ಎರೆ ಬ್ರಿಟಿಷರೊಂದಿಗೆ ದಕ್ಷಿಣದ ಹೊಳೆಗಳಲ್ಲಿ ಹೆಚ್ಚು ಬಳಕೆಗೆ ಬಂತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅವರ ಗಾಳದ ಬೇಟೆಯ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಚಮಚದ ಆಕಾರದ ಲೋಹದ ಎರೆಗೆ ಅಮೆರಿಕದ ಜೂಲಿಯೊ ಬ್ಯೂಲ್ 1852ರಲ್ಲೇ ಪೇಟೆಂಟ್ ಪಡೆದಿದ್ದರು. ಅದನ್ನು ಮನೆಯಲ್ಲಿ ಮಾಡುವುದು ಕಷ್ಟವಲ್ಲ: ಹಳೆಯ ಸ್ಟೀಲ್ ಚಮಚದ ಹಿಡಿ ಕತ್ತರಿಸಿ, ಎರಡು ತುದಿಗೂ ತೂತು ಕೊರೆದು, ಒಂದಕ್ಕೆ ದಾರ, ಇನ್ನೊಂದಕ್ಕೆ ಗಾಳ ಕಟ್ಟಿದರಾಯಿತು. ಎಳೆದಾಗ ಚಮಚದ ತಗ್ಗು ನೀರನ್ನು ತಳ್ಳಿ ಹೊಯ್ದಾಡುತ್ತದೆ, ಗಾಯಗೊಂಡ ಮರಿಮೀನಿನ ಹಾಗೆ ಮಿನುಗುತ್ತದೆ.

ಮರದ ಎರೆಗೆ ಹೆಚ್ಚು ತಾಳ್ಮೆ ಬೇಕು. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಬೆಂಡನ್ನು ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ಬೆಳ್ಳಿಹಾಳೆ ಸುತ್ತಿ, ಮೇಲೆ ಫೋಟೊ ನೆಗೆಟಿವ್ ಕರಗಿಸಿ ಬಳಿದು ಮೆರುಗು ಕೊಟ್ಟರು. ಅವರ ಹೆಸರಿನ ಇಂದಿನ ದೊಡ್ಡ ಕಾರ್ಖಾನೆಯ ಮೂಲ ಆ ಕೈಕೆಲಸ. ಹಗುರ ಮರ ಯಾವುದಾದರೂ ನಡೆಯುತ್ತದೆ. ಹೊಟ್ಟೆಯಲ್ಲಿ ಸೀಸದ ತುಂಡು ಹುದುಗಿಸದಿದ್ದರೆ ಮಗುಚಿಕೊಳ್ಳುತ್ತದೆ. ಮುಂದೆ ಓರೆಯಾಗಿ ಸಿಕ್ಕಿಸಿದ ತಗಡಿನ ನಾಲಿಗೆ ಉದ್ದವಾದಷ್ಟೂ ಎರೆ ಆಳಕ್ಕೆ ಮುಳುಗುತ್ತದೆ. ಬೆನ್ನಿಗೆ ಕಪ್ಪು, ಹೊಟ್ಟೆಗೆ ಬಿಳಿ ಬಳಿಯುವುದು ಚೆಂದಕ್ಕಲ್ಲ. ಹೊಳೆಯ ಮೀನುಗಳ ಮೈಬಣ್ಣ ಬಹಳಷ್ಟು ಹಾಗೆಯೇ ಇರುತ್ತದೆ.

ಗದ್ವಾಲ್ ಮತ್ತು ಮಕ್ತಲ್ ನಡುವೆ ಕೃಷ್ಣೆಗೆ ಕಟ್ಟಿದ ಜೂರಾಲಾ ಅಣೆಕಟ್ಟು 1990ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಹರಿಯುತ್ತಿದ್ದ ನೀರು ನಿಂತಿತು. ಕಲ್ಲುಮಡುಗಳ ಜಾಗದಲ್ಲಿ ಅಗಲವಾದ ಹಿನ್ನೀರು. ತೆಲಂಗಾಣ ಸರ್ಕಾರ 2016ರಿಂದ ಕೆರೆ, ಜಲಾಶಯಗಳಿಗೆ ಉಚಿತವಾಗಿ ಮೀನುಮರಿ ಬಿಡಿಸತೊಡಗಿತು. ಅವುಗಳಲ್ಲಿ ಹೆಚ್ಚಿನವು ಕಾಟ್ಲಾ, ರೋಹು, ಮೃಗಾಲ್. ಮೂರೂ ಹಿಟ್ಟಿಗೆ ಬರುವ ಮೀನುಗಳು. ಹೀಗಾಗಿ ಉಂಡೆಗೆ ಮತ್ತಷ್ಟು ಬಲ ಬಂತು.

ಕೊರಮೀನಿನ ಲೆಕ್ಕವೇ ಬೇರೆ. ತೆಲಂಗಾಣದ ರಾಜ್ಯ ಮೀನಾದ ಇದು ಕೆರೆಯ ಜೊಂಡಿನಲ್ಲಿ ಅಡಗಿ ಕಪ್ಪೆ, ಮರಿಮೀನುಗಳ ಮೇಲೆ ಎರಗುತ್ತದೆ. ಹಿಟ್ಟನ್ನು ಮೂಸುವುದು ಅಪರೂಪ. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವುದು ಹಳೆಯ ರೂಢಿ. ಈಗ ರಬ್ಬರಿನ ಕಪ್ಪೆಬೊಂಬೆ ಆ ಜಾಗಕ್ಕೆ ಬರುತ್ತಿದೆ, ಇದು ಒಳ್ಳೆಯ ಬದಲಾವಣೆ. ಜೊಂಡಿಗೆ ಸಿಕ್ಕದಂತೆ ಗಾಳದ ಮೊನೆಯನ್ನು ಬೊಂಬೆಯ ಬೆನ್ನಿಗೆ ಒತ್ತಿಕೊಂಡಿರುವಂತೆ ಇಡುತ್ತಾರೆ. ಮೀನು ಕಚ್ಚಿ ಮೈ ಅದುಮಿದಾಗಷ್ಟೇ ಮೊನೆ ಹೊರಬೀಳುತ್ತದೆ. ಕೊರಮೀನಿನ ಜೋಡಿ ತಮ್ಮ ಕೆಂಪು ಮರಿಗಳ ಗುಂಪನ್ನು ಕಾಯುತ್ತಾ ತಿರುಗುವ ದಿನಗಳಲ್ಲಿ ಹತ್ತಿರ ಬಂದ ಏನನ್ನಾದರೂ ಕಚ್ಚುತ್ತವೆ, ಹಸಿವಿಗಲ್ಲ, ಮರಿಗಳ ರಕ್ಷಣೆಗೆ. ಆಗ ಬೊಂಬೆ ಎಸೆದರೆ ಹಿಡಿಯುವುದು ಬಲು ಸುಲಭ. ಆದರೆ ತಾಯಿತಂದೆ ಹೋದ ಮೇಲೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ನೀರಿನ ಮೇಲೆ ಕೆಂಪು ಮರಿಗುಂಪು ಕಂಡಲ್ಲಿ ಗಾಳ ಹಾಕಬಾರದು.