ಟಾಸ್ ಸೋತ ಹುಡುಗ: ಇನ್ಸುಲಿನ್ ಬೇಸಿಗೆಯ ಇನ್ನೊಂದು ಕಥೆ

ಸಂಚಿಕೆ ಶುರು ಮಾಡೋಕೆ ಮುಂಚೆ ನಮ್ಮ ಮನೆಯ ಒಂದು ವಿಷಯ ಹೇಳ್ತೀನಿ. ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ, ಬಯೋಟೆಕ್ನಾಲಜಿ. ಬೇಸಿಗೆ ರಜೆಯಲ್ಲಿ ಯಾವುದಾದರೂ ಲ್ಯಾಬ್‌ನಲ್ಲಿ ಇಂಟರ್ನ್‌ಶಿಪ್ ಮಾಡಬೇಕು ಅಂತ ನಲವತ್ತಕ್ಕೂ ಹೆಚ್ಚು ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದ್ದಳು. ಉತ್ತರ ಬಂದಿದ್ದು ಮೂರು. ಎರಡರಲ್ಲಿ ಜಾಗ ಇಲ್ಲ ಅಂತ ಇತ್ತು. ಮೂರನೆಯವರು ಬಾ ಅಂದರು, ಆದರೆ ಸ್ಟೈಪೆಂಡ್ ಇಲ್ಲ. ಬೆಂಗಳೂರಿನಲ್ಲಿ ಎರಡು ತಿಂಗಳ ಪಿಜಿ ಬಾಡಿಗೆ, ಊಟ, ಬಸ್ಸು... ಭಾವ ಲೆಕ್ಕ ಹಾಕಿ ಸುಮ್ಮನಾದರು. ಅವತ್ತು ರಾತ್ರಿ ಅವಳು ಫೋನ್ ಮಾಡಿ ಕೇಳಿದಳು: "ಮಾಮ, ನನಗೆ ಅಷ್ಟು ಯೋಗ್ಯತೆ ಇಲ್ವಾ?"

ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ. ಉತ್ತರ ಮಾತ್ರ ಕೊಡಲಿಲ್ಲ. ಇವತ್ತು ಕೊಡೋಕೆ ಪ್ರಯತ್ನ ಮಾಡ್ತೀನಿ. ಅದಕ್ಕೆ ನಾವು ನೂರು ವರ್ಷ ಹಿಂದೆ, ಕೆನಡಾದ ಟೊರೊಂಟೊ ನಗರಕ್ಕೆ ಹೋಗಬೇಕು.

ಆಗ ಶುಗರ್ ಕಾಯಿಲೆ ಅಂದರೆ ಈಗಿನ ಹಾಗಲ್ಲ. ಚಿಕ್ಕ ಮಕ್ಕಳಿಗೆ ಬಂತು ಅಂದರೆ ಮುಗಿದ ಹಾಗೇ. ಡಾಕ್ಟರ್‌ಗಳು ಕೊಡುತ್ತಿದ್ದ ಚಿಕಿತ್ಸೆ ಉಪವಾಸ. ಊಟ ಕಡಿಮೆ ಮಾಡಿ, ಇನ್ನೂ ಕಡಿಮೆ ಮಾಡಿ, ಸಾವನ್ನು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ ಮುಂದಕ್ಕೆ ಹಾಕುವುದು. ಮೂಳೆ ಚಕ್ಕಳವಾದ ಮಕ್ಕಳನ್ನು ಅಪ್ಪ ಅಮ್ಮ ನೋಡುತ್ತಾ ಕೂರಬೇಕಿತ್ತು.

ಕಾಯಿಲೆಯ ಬೇರು ಎಲ್ಲಿದೆ ಅನ್ನುವ ಸುಳಿವು ಮಾತ್ರ ಸಿಕ್ಕಿತ್ತು. 1869ರಲ್ಲಿ ಬರ್ಲಿನ್‌ನ ಪಾಲ್ ಲ್ಯಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯನ್ನು, ಅಂದರೆ ಪ್ಯಾಂಕ್ರಿಯಾಸನ್ನು, ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಬೇರೆ ಥರದ ಜೀವಕೋಶಗಳ ಸಣ್ಣ ಸಣ್ಣ ಗುಂಪುಗಳನ್ನು ಕಂಡ. ಅವು ಏನು ಮಾಡುತ್ತವೆ ಅನ್ನುವುದು ತನಗೆ ಗೊತ್ತಿಲ್ಲ ಅಂತ ಪ್ರಾಮಾಣಿಕವಾಗಿ ಬರೆದ. ಆಗ ಅವನ ವಯಸ್ಸು 21. ಅವನೂ ವಿದ್ಯಾರ್ಥಿಯೇ! 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಒಂದು ನಾಯಿಯ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಶುಗರ್ ಬಂತು. ಹಾಗಾದರೆ ಶುಗರ್ ತಡೆಯುವ ಏನೋ ಒಂದು ಆ ಗ್ರಂಥಿಯಲ್ಲಿದೆ. ಅದನ್ನು ಹೊರತೆಗೆಯುವುದು ಹೇಗೆ? ಮೂವತ್ತು ವರ್ಷ ಹಲವರು ಪ್ರಯತ್ನಪಟ್ಟರು. ರೋಗಿಗಳಿಗೆ ಕೊಡಬಹುದಾದ ಔಷಧ ಯಾರ ಕೈಗೂ ಸಿಗಲಿಲ್ಲ.

1921. ಫ್ರೆಡರಿಕ್ ಬ್ಯಾಂಟಿಂಗ್ ಅನ್ನುವ 29 ವರ್ಷದ ಸರ್ಜನ್ ಒಂದು ಐಡಿಯಾ ಹಿಡಿದುಕೊಂಡು ಟೊರೊಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆ.ಜೆ.ಆರ್. ಮ್ಯಾಕ್ಲಿಯೋಡ್ ಹತ್ತಿರ ಬಂದ. ಸಂಶೋಧನೆಯ ಅನುಭವ ಇಲ್ಲವೇ ಇಲ್ಲ ಅನ್ನಬಹುದು. ಮ್ಯಾಕ್ಲಿಯೋಡ್‌ಗೆ ಅಷ್ಟೇನೂ ನಂಬಿಕೆ ಬರಲಿಲ್ಲ. ಆದರೂ ಬೇಸಿಗೆಯಲ್ಲಿ ಲ್ಯಾಬ್ ಖಾಲಿ ಇರುತ್ತೆ ನೋಡಿ, ಒಂದು ಕೋಣೆ, ಕೆಲವು ನಾಯಿ, ಜೊತೆಗೆ ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಕೊಟ್ಟರು. ರಕ್ತದಲ್ಲಿ ಮತ್ತು ಮೂತ್ರದಲ್ಲಿ ಸಕ್ಕರೆ ಎಷ್ಟಿದೆ ಅಂತ ಅಳೆಯೋದು ಬ್ಯಾಂಟಿಂಗ್‌ಗೆ ಬರುತ್ತಿರಲಿಲ್ಲ, ಆ ಹುಡುಗರಿಗೆ ಬರುತ್ತಿತ್ತು.

ಆ ಇಬ್ಬರು ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಬೆಸ್ಟ್‌ಗೆ 22 ವರ್ಷ. ಒಂದೇ ಕ್ಲಾಸು, ಒಳ್ಳೆಯ ಸ್ನೇಹಿತರು. ಬೇಸಿಗೆಯನ್ನು ಹಂಚಿಕೊಳ್ಳೋಣ ಅಂತ ಮಾತಾಯಿತು. ಮೊದಲು ಯಾರು? ನಾಣ್ಯ ಚಿಮ್ಮಿದರು. ಬೆಸ್ಟ್ ಗೆದ್ದ.

ಮೇ 17ರಂದು ಕೆಲಸ ಶುರು. ಮೊದಲ ಆಪರೇಷನ್ ಹೇಗೆ ಅಂತ ಮ್ಯಾಕ್ಲಿಯೋಡ್ ತಾವೇ ನಿಂತು ತೋರಿಸಿದರು. ಜೂನ್‌ನಲ್ಲಿ ಸ್ಕಾಟ್ಲೆಂಡ್‌ಗೆ ರಜೆಗೆ ಹೋದರು. ಲ್ಯಾಬ್‌ನಲ್ಲಿ ಸೆಖೆ, ವಾಸನೆ. ಸಾಲಾಗಿ ಸಾಯುತ್ತಿದ್ದ ನಾಯಿಗಳು. ಇವತ್ತಿನ ನಿಯಮದಲ್ಲಿ ಅಂಥ ಪ್ರಯೋಗಕ್ಕೆ ಅಷ್ಟು ಸುಲಭವಾಗಿ ಒಪ್ಪಿಗೆ ಸಿಗುವುದಿಲ್ಲ.

ಬೆಸ್ಟ್ ಮೊದಲ ದಿನದಿಂದಲೇ ಹೀರೋ ಆಗಿದ್ದನಾ? ಇಲ್ಲ. ಅವನ ಅಳತೆಗಳು ಅಚ್ಚುಕಟ್ಟಾಗಿಲ್ಲ, ಗಾಜಿನ ಸಾಮಾನು ಕೊಳಕು ಅಂತ ಬ್ಯಾಂಟಿಂಗ್ ಚೆನ್ನಾಗಿ ಬೈದ. ಬೆಸ್ಟ್ ರಾತ್ರಿಯೆಲ್ಲ ಕೂತು ಒಂದೊಂದು ಪಾತ್ರೆಯನ್ನೂ ತೊಳೆದು, ದ್ರಾವಣಗಳನ್ನೆಲ್ಲ ಚೆಲ್ಲಿ ಹೊಸದಾಗಿ ಮಾಡಿಟ್ಟ. ಇದು ಬ್ಯಾಂಟಿಂಗೇ ಆಮೇಲೆ ನೆನಪಿಸಿಕೊಂಡಿದ್ದು. ಆವತ್ತಿನಿಂದ ಇಬ್ಬರ ಕೆಲಸ ಕೂಡಿ ಬಂತು.

ಇಷ್ಟು ಹೊತ್ತಿಗೆ ನೋಬಲ್‌ನ ಸರದಿ ಬಂತು. ಬೆಸ್ಟ್‌ನ ಕೈ ಆಗಲೇ ಪಳಗಿತ್ತು. ಈಗ ಆಳು ಬದಲಾಯಿಸಿದರೆ ಎಲ್ಲ ಮೊದಲಿಂದ ಶುರು ಮಾಡಬೇಕು. ನೋಬಲ್ ಸರಿ ಅಂತ ಒಪ್ಪಿಕೊಂಡ. ಬೆಸ್ಟೇ ಮುಂದುವರಿದ.

ಬೇಸಿಗೆ ಮುಗಿಯುವಷ್ಟರಲ್ಲಿ ಅವರು ತಯಾರಿಸಿದ ಸಾರ ನಾಯಿಗಳ ರಕ್ತದ ಸಕ್ಕರೆ ಇಳಿಸುತ್ತಿತ್ತು. ಮ್ಯಾಕ್ಲಿಯೋಡ್ ಹಿಗ್ಗಲಿಲ್ಲ. ಇನ್ನೊಮ್ಮೆ ಮಾಡಿ, ಬೇರೆ ಕಾರಣ ಇರಬಹುದಾ ನೋಡಿ ಅಂತ ಪಟ್ಟು ಹಿಡಿದರು. ಬ್ಯಾಂಟಿಂಗ್‌ಗೆ ಅದು ಕಿರಿಕಿರಿ. ಆದರೆ ಗುರುವಿನ ಕೆಲಸದಲ್ಲಿ ಅದೂ ಒಂದು ಭಾಗ. ಚಳಿಗಾಲಕ್ಕೆ ಜೇಮ್ಸ್ ಕಾಲಿಪ್ ಅನ್ನುವ ಬಯೋಕೆಮಿಸ್ಟ್ ತಂಡ ಸೇರಿದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ಮಾಡಿದ ಸಾರದ ಇಂಜೆಕ್ಷನ್ ಕೊಟ್ಟರು. ಹೇಳಿಕೊಳ್ಳುವಂಥ ಉಪಯೋಗ ಆಗಲಿಲ್ಲ, ಚುಚ್ಚಿದ ಜಾಗ ಕೀವುಗಟ್ಟಿತು. ಜನವರಿ 23ರಂದು ಕಾಲಿಪ್ ಶುದ್ಧ ಮಾಡಿದ ಸಾರ ಕೊಟ್ಟಾಗ ಹುಡುಗನ ಸಕ್ಕರೆ ಸರ್ರನೆ ಇಳಿಯಿತು. ಅವನು ಇನ್ನೂ 13 ವರ್ಷ ಬದುಕಿದ.

1923ರಲ್ಲಿ ನೊಬೆಲ್ ಬಂದಿದ್ದು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್‌ಗೆ. ಬೆಸ್ಟ್‌ನ ಹೆಸರಿಲ್ಲ ಅಂತ ಬ್ಯಾಂಟಿಂಗ್ ಕೆಂಡವಾದ, ತನ್ನ ಹಣದಲ್ಲಿ ಅರ್ಧ ಅವನಿಗೆ ಕೊಟ್ಟ. ಮ್ಯಾಕ್ಲಿಯೋಡ್ ತಮ್ಮದರಲ್ಲಿ ಅರ್ಧ ಕಾಲಿಪ್‌ಗೆ ಕೊಟ್ಟರು. ಮುಂದೆ 1929ರಲ್ಲಿ ಮ್ಯಾಕ್ಲಿಯೋಡ್ ಕೂತಿದ್ದ ಕುರ್ಚಿಗೇ ಬೆಸ್ಟ್ ಪ್ರೊಫೆಸರ್ ಆಗಿ ಬಂದ.

ಎಲ್ಲರೂ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತೆ. ನನಗೆ ಬೇಕಾಗಿರೋದು ಟಾಸ್ ಸೋತ ಹುಡುಗ.

ಒಂದು ಯೋಚನೆ ಮಾಡಿ. ನಾಣ್ಯ ಇನ್ನೊಂದು ಮಗ್ಗುಲಾಗಿ ಬಿದ್ದಿದ್ದರೆ? ಪಠ್ಯಪುಸ್ತಕದಲ್ಲಿ ಬ್ಯಾಂಟಿಂಗ್ ಮತ್ತು ನೋಬಲ್ ಅಂತ ಇರಬಹುದಿತ್ತು. ಮ್ಯಾಕ್ಲಿಯೋಡ್ ಇಬ್ಬರನ್ನೂ ಯೋಗ್ಯರು ಅಂತಲೇ ಆರಿಸಿದ್ದರು. ಆ ಬೇಸಿಗೆಯ ಜಾಗ ಯಾರಿಗೆ ಅನ್ನೋದನ್ನು ತೀರ್ಮಾನ ಮಾಡಿದ್ದು ಒಂದು ಬಿಲ್ಲೆ.

ನೋಬಲ್ ಏನೂ ಮಾಯವಾಗಲಿಲ್ಲ. 1922ರಲ್ಲಿ ಅದೇ ತಂಡದ ಜೊತೆ ಕೆಲಸ ಮಾಡಿದ, ಮೊಲಗಳ ಮೇಲಿನ ಇನ್ಸುಲಿನ್ ಪ್ರಯೋಗದ ಲೇಖನದಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್, ಮ್ಯಾಕ್ಲಿಯೋಡ್ ಜೊತೆಗೆ ಅವನ ಹೆಸರೂ ಇದೆ. ಆಮೇಲೆ ಡಾಕ್ಟರ್ ಆದ.

ಮೂವತ್ತು ವರ್ಷ ಕಳೆಯಿತು. 1952ರಲ್ಲಿ ಡಾಕ್ಟರ್ ಕ್ಲಾರ್ಕ್ ನೋಬಲ್‌ಗೆ ಜಮೈಕಾದ ರೋಗಿಯೊಬ್ಬರಿಂದ ಒಂದು ಲಕೋಟೆ ಬಂತು. ಒಳಗೆ ಎಲೆಗಳು. ಅಲ್ಲಿನ ಜನ ಶುಗರ್‌ಗೆ ಅದರ ಕಷಾಯ ಕುಡಿಯುತ್ತಿದ್ದರಂತೆ. ಯಾವ ಗಿಡ ಗೊತ್ತಾ? ನಮ್ಮ ಅಂಗಳದಲ್ಲಿ, ಕಾಂಪೌಂಡ್ ಪಕ್ಕದಲ್ಲಿ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪ. ಕಾಶಿ ಕಣಗಿಲೆ ಅಂತಲೂ ಕರೀತಾರೆ.

ಕ್ಲಾರ್ಕ್ ಆ ಎಲೆಗಳನ್ನು ತಮ್ಮ ರಾಬರ್ಟ್ ನೋಬಲ್‌ಗೆ ಕಳಿಸಿದರು. ರಾಬರ್ಟ್ ಕೆಲಸ ಮಾಡುತ್ತಿದ್ದಿದ್ದು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ. ಅದರ ಹೆಸರು ಕಾಲಿಪ್ ಲ್ಯಾಬ್. ಹೌದು, ಅದೇ ಕಾಲಿಪ್! ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿದರು, ಸಕ್ಕರೆ ಇಳಿಯಲಿಲ್ಲ. ಇಂಜೆಕ್ಷನ್ ಕೊಟ್ಟರು, ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆ ಅಂತ ನೋಡಿದರೆ ಅವುಗಳ ಬಿಳಿ ರಕ್ತಕಣಗಳು ಪಾತಾಳಕ್ಕೆ ಇಳಿದಿದ್ದವು. ರಾಬರ್ಟ್‌ಗೆ ಹೊಳೆಯಿತು: ಬಿಳಿ ರಕ್ತಕಣ ಮಿತಿಮೀರಿ ಬೆಳೆಯುವ ಕ್ಯಾನ್ಸರ್ ಇದೆಯಲ್ಲ, ಅದಕ್ಕೆ ಇದು ಔಷಧ ಆಗಬಹುದಾ? ಚಾರ್ಲ್ಸ್ ಬಿಯರ್ ಅನ್ನುವ ರಸಾಯನ ವಿಜ್ಞಾನಿ ಜೊತೆ ಸೇರಿ 1958ರ ಹೊತ್ತಿಗೆ ಅದರಿಂದ ವಿನ್‌ಬ್ಲಾಸ್ಟಿನ್ ಅನ್ನುವ ಔಷಧ ಬೇರ್ಪಡಿಸಿದರು. ಅದೇ ಕಾಲಕ್ಕೆ ಅಮೆರಿಕದ ಇಲಾಯ್ ಲಿಲ್ಲಿ ಕಂಪನಿಯವರೂ ಸ್ವತಂತ್ರವಾಗಿ ಇದೇ ಗಿಡದ ಹಿಂದೆ ಬಿದ್ದಿದ್ದರು. ಹಾಡ್ಜ್‌ಕಿನ್ ಲಿಂಫೋಮಾದಂಥ ಕ್ಯಾನ್ಸರ್‌ಗಳಿಗೆ ಇವತ್ತಿಗೂ ವಿನ್‌ಬ್ಲಾಸ್ಟಿನ್ ಬಳಸುತ್ತಾರೆ. ಒಂದು ಎಚ್ಚರಿಕೆ: ಆ ಗಿಡ ವಿಷ. ಶುಗರ್‌ಗೆ ಒಳ್ಳೇದು ಅಂತ ವಾಟ್ಸಾಪ್‌ನಲ್ಲಿ ಯಾರಾದರೂ ಕಳಿಸಿದರೆ ದಯವಿಟ್ಟು ತಿನ್ನೋಕೆ ಹೋಗಬೇಡಿ.

ಟಾಸ್ ಸೋತರೂ ನೋಬಲ್ ಕಲಿತಿದ್ದು ವ್ಯರ್ಥ ಆಗಲಿಲ್ಲ. ಬೇರೆ ಡಾಕ್ಟರ್ ಆಗಿದ್ದರೆ ಆ ಲಕೋಟೆ ಕಸದ ಬುಟ್ಟಿ ಸೇರುತ್ತಿತ್ತೇನೋ. ಇದು ನನ್ನ ಊಹೆ. ಗಿಡವೊಂದು ಶುಗರ್ ಇಳಿಸುತ್ತೆ ಅಂದಾಗ ಪರೀಕ್ಷೆ ಮಾಡಿ ನೋಡೋಣ ಅಂತ ಅನ್ನಿಸಬೇಕಾದರೆ ಆ ಗುಣವನ್ನು ಯಾರೋ ಒಬ್ಬರು ಕಲಿಸಿರಬೇಕು.

ಆದರೆ ಇಷ್ಟಕ್ಕೇ ಸಂತೋಷಪಟ್ಟು ಮುಗಿಸಿದರೆ ನನ್ನ ಸೊಸೆಗೆ ಅನ್ಯಾಯ ಆಗುತ್ತೆ. ಯಾಕೆಂದರೆ ನಾಣ್ಯ ಚಿಮ್ಮಿದ್ದು ಆಗಲೇ ಒಳಗಿದ್ದ ಇಬ್ಬರ ನಡುವೆ. ಬಾಗಿಲ ಹೊರಗೆ ಇದ್ದವರಿಗೆ ಟಾಸ್ ಕೂಡ ಇರಲಿಲ್ಲ. ಇನ್ನೊಂದು ವಿಷಯ: ಆ ಬೇಸಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ಇಬ್ಬರಿಗೂ ಸಂಬಳ ಇರಲಿಲ್ಲ. ಮ್ಯಾಕ್ಲಿಯೋಡ್ ವಾಪಸ್ ಬಂದ ಮೇಲೆ, ಬ್ಯಾಂಟಿಂಗ್ ಜಗಳ ಆಡಿದ ಮೇಲೆ ದುಡ್ಡಿನ ವ್ಯವಸ್ಥೆ ಆಯಿತು. ಬೆಸ್ಟ್‌ನ ಅಪ್ಪ ಡಾಕ್ಟರ್. ಒಂದು ಬೇಸಿಗೆ ಸಂಬಳ ಇಲ್ಲದೆ ಕಳೆಯೋದು ಅಂಥ ಮನೆಯ ಹುಡುಗನಿಗೆ ಆಗುತ್ತೆ. ಎಲ್ಲರ ಮನೆಯಲ್ಲೂ ಆಗಲ್ಲ. ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಅನ್ನೋ ಜರಡಿ ಹಿಡಿಯೋದು ಜೇಬನ್ನ, ಜಾಣತನವನ್ನಲ್ಲ. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಉಳಿದ ಎರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಫೆಲೋಶಿಪ್, ಇಂಥವು ಮುಖ್ಯ ಅನ್ನಿಸುತ್ತೆ. ಅಲ್ಲಿ ಗುರುವೂ ಸಿಗುತ್ತಾರೆ, ಸ್ಟೈಪೆಂಡೂ ಇರುತ್ತೆ. ಬೇಸಿಗೆ ಬರೋಕೆ ಎಷ್ಟೋ ತಿಂಗಳು ಮೊದಲೇ ಅರ್ಜಿ ಹಾಕಬೇಕು. ನನ್ನ ಸೊಸೆಗೆ ಅದು ಗೊತ್ತಾಗಿದ್ದು ದಿನಾಂಕ ಮುಗಿದ ಮೇಲೆ. ನನಗೂ ಗೊತ್ತಿರಲಿಲ್ಲ.

ಹಾಗಾಗಿ ಪುಟ್ಟಿ, ನೀನು ಇದನ್ನ ಕೇಳ್ತಾ ಇದ್ದರೆ, ಆ ಮೂರು ಮೇಲ್‌ಗಳು ನಿನ್ನ ಯೋಗ್ಯತೆಯ ಬಗ್ಗೆ ಏನನ್ನೂ ಹೇಳಲಿಲ್ಲ. ಜಾಗದ ಬಗ್ಗೆ ಹೇಳಿದವು, ದುಡ್ಡಿನ ಬಗ್ಗೆ ಹೇಳಿದವು.

ಈಗ ಅವಳು ತನ್ನ ಕಾಲೇಜಿನ ಲ್ಯಾಬ್‌ನಲ್ಲೇ ಒಬ್ಬರು ಮೇಡಂ ಜೊತೆ ಕೆಲಸ ಮಾಡ್ತಿದ್ದಾಳೆ. ಮೊನ್ನೆ ಏನ್ ಮಾಡಿದೆ ಅಂತ ಕೇಳಿದೆ. "ದಿನವಿಡೀ ಟೆಸ್ಟ್ ಟ್ಯೂಬ್ ತೊಳೆದೆ ಮಾಮ" ಅಂದಳು, ಬೇಜಾರಿನಲ್ಲಿ. ನನಗೆ ನಗು ಬಂತು. ಯಾಕೆ ಅಂತ ಅವಳಿಗೆ ಈ ಸಂಚಿಕೆ ಕೇಳಿದ ಮೇಲೆ ಗೊತ್ತಾಗಲಿ.

ನಿಮಗೂ ಯಾರಾದರೂ ಮೊದಲ ಸಲ ಕೈ ಹಿಡಿದು ಕಲಿಸಿದ್ದರೆ ಅವರಿಗೆ ಇವತ್ತು ಒಂದು ಫೋನ್ ಮಾಡಿ.