ಮರದ ತುಂಡಿಗೆ ಅಂಟಿಸಿದ ಪಾಠ

ಮಗುವಿಗೆ ಆಟದ ಸಾಮಾನು ಕೊಳ್ಳಲು ಹೋದ ತಂದೆತಾಯಿ ಅಂಗಡಿಯಲ್ಲಿ ಮೊದಲು ಕೇಳುವುದು, ಇದರಿಂದ ಮಗು ಏನು ಕಲಿಯುತ್ತದೆ ಎಂದು. ಈ ಪ್ರಶ್ನೆ ಇವತ್ತಿನದಲ್ಲ. 1693ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಮಕ್ಕಳ ಶಿಕ್ಷಣದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಒಂದು ದಾಳದಾಟದ ವಿವರ ಬರುತ್ತದೆ. ಒಂದು ದಾಳದ ಆರು ಮುಖಗಳಿಗೆ ಆರು ಸ್ವರಗಳು, ಇನ್ನು ಮೂರು ದಾಳಗಳಿಗೆ ಹದಿನೆಂಟು ವ್ಯಂಜನಗಳು. ನಾಲ್ಕನ್ನೂ ಉರುಳಿಸಿ ಹೆಚ್ಚು ಪದ ಕೂಡಿಸಿದವರು ಗೆದ್ದ ಹಾಗೆ. ಆದರೆ ಲಾಕ್ ಅವರ ಎಚ್ಚರಿಕೆಯೊಂದು ಈ ಆಟಕ್ಕಿಂತ ದೊಡ್ಡದು. ದಿನಾ ಇಂಥ ಹೊತ್ತಿಗೆ ಬುಗುರಿ ಆಡಲೇಬೇಕೆಂದು ಕಟ್ಟಪ್ಪಣೆ ಮಾಡಿದರೆ ಮಗುವಿಗೆ ಬುಗುರಿಯೂ ಬೇಸರವಾಗುತ್ತದೆ ಎಂದು ಅವರು ಬರೆದರು. ಆಮೇಲಿನ ಮುನ್ನೂರು ವರ್ಷಗಳ ಕಲಿಕೆಯ ಆಟಿಕೆಗಳ ಚರಿತ್ರೆಯನ್ನು ನೋಡಿದರೆ ಅವರ ಮಾತು ಮತ್ತೆ ಮತ್ತೆ ನಿಜವಾಗಿದೆ. ಆಟಿಕೆಯಲ್ಲಿ ಪಾಠ ಎಷ್ಟಿದೆ ಎಂದು ಮಗು ಲೆಕ್ಕ ಹಾಕುವುದಿಲ್ಲ. ಮುಂದಿನ ಹೆಜ್ಜೆಯನ್ನು ತಾನು ಇಡಬೇಕೋ ದೊಡ್ಡವರು ಇಡಿಸುತ್ತಾರೋ ಎಂಬುದಷ್ಟೇ ಅದಕ್ಕೆ ಮುಖ್ಯ.

1760ರ ದಶಕದಲ್ಲಿ ಲಂಡನ್ನಿನ ನಕಾಶೆಗಾರ ಜಾನ್ ಸ್ಪಿಲ್ಸ್‌ಬರಿ ಭೂಪಟಗಳನ್ನು ತೆಳು ಹಲಗೆಗೆ ಅಂಟಿಸಿ, ಗಡಿರೇಖೆಗಳ ಗುಂಟ ಗರಗಸದಲ್ಲಿ ಕೊಯ್ದು ಮಾರಿದ. ಇವತ್ತಿನ ಜಿಗ್‌ಸಾ ಪಜಲ್‌ನ ಮೂಲ ಇದೇ. ಭೂಗೋಳ ಕಲಿಸಲೆಂದು ಹುಟ್ಟಿದ್ದು ಮನೆಮನೆಯ ಆಟವಾದದ್ದಕ್ಕೆ ಕಾರಣ ಸರಳ: ತುಂಡು ತಪ್ಪಿದರೆ ಕೂರುವುದಿಲ್ಲ, ತಪ್ಪೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. 1798ರಲ್ಲಿ ಲೇಖಕಿ ಮರಿಯಾ ಎಜ್‌ವರ್ತ್ ಮತ್ತು ಅವರ ತಂದೆ ರಿಚರ್ಡ್ ಲವೆಲ್ ಎಜ್‌ವರ್ತ್ ಆಟಿಕೆಗಳ ಬಗ್ಗೆಯೇ ಒಂದು ಅಧ್ಯಾಯ ಬರೆದು, ಮಗು ಆಟಿಕೆಯನ್ನು ಒಡೆಯುವುದು ಕೇಡಿಗತನದಿಂದಲ್ಲ, ಒಳಗೇನಿದೆ ಎಂಬ ಕುತೂಹಲದಿಂದ ಎಂದು ವಾದಿಸಿದರು. ನೋಡಿ ಸುಮ್ಮನಿರಬೇಕಾದ ಚೆಲುವಾದ ಗೊಂಬೆಗಿಂತ ಕೈಗೆ ಕೆಲಸ ಕೊಡುವ ಮರದ ತುಂಡುಗಳೇ ಮೇಲು ಎಂಬುದು ಅವರ ನಿಲುವು.

ಈ ಚರಿತ್ರೆಯ ನಡುಗಂಬ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವರು ಶುರುಮಾಡಿದ ಕೆಲಸದಿಂದಲೇ ಮುಂದೆ ಕಿಂಡರ್‌ಗಾರ್ಟನ್ ಹುಟ್ಟಿತು. ಅವರು ಮಕ್ಕಳಿಗಾಗಿ ರೂಪಿಸಿದ ಸಾಮಗ್ರಿಗಳಿಗೆ ‘ಉಡುಗೊರೆ’ಗಳೆಂದೇ ಹೆಸರು. ಮೊದಲನೆಯದು ಬಣ್ಣದ ಉಣ್ಣೆಯ ಚೆಂಡುಗಳು, ಎರಡನೆಯದು ಮರದ ಗೋಳ, ಉರುಳೆ, ಘನ. ಮೂರನೆಯದು ಎಂಟು ಪುಟ್ಟ ಘನಗಳು ಸೇರಿ ಒಂದು ದೊಡ್ಡ ಘನವಾಗುವ ಪೆಟ್ಟಿಗೆ. ಇಷ್ಟು ಸರಳವಾದ, ಇಷ್ಟು ತುಂಬಿದ ಆಟಿಕೆ ಅದಕ್ಕೆ ಮೊದಲು ಇದ್ದಂತಿಲ್ಲ. ಆದರೆ ಅದನ್ನು ಮಗುವಿನ ಮುಂದಿಡುವ ವಿಧಿಯನ್ನು ಗಮನಿಸಬೇಕು. ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಜಾರುಮುಚ್ಚಳವನ್ನು ಅಡಿಯಿಂದ ಎಳೆದು, ಪೆಟ್ಟಿಗೆಯನ್ನು ಮೆಲ್ಲಗೆ ಮೇಲೆತ್ತಬೇಕು. ಮಗುವಿಗೆ ಮೊದಲು ಕಾಣಬೇಕಾದ್ದು ಇಡೀ ಘನ. ಕಟ್ಟುವಾಗ ಒಂದು ತುಂಡೂ ಮಿಕ್ಕಬಾರದು. ಕಟ್ಟಿದ್ದನ್ನು ಕೆಡವಬಾರದು, ಒಂದೊಂದೇ ತುಂಡು ಸರಿಸಿ ಇನ್ನೊಂದು ಆಕಾರಕ್ಕೆ ತರಬೇಕು. ಆಟ ಮುಗಿದ ಮೇಲೆ ಮತ್ತೆ ಇಡೀ ಘನ ಮಾಡಿಯೇ ಪೆಟ್ಟಿಗೆಗೆ ಸೇರಿಸಬೇಕು. ಸೃಷ್ಟಿಯ ಏಕತೆಯನ್ನು ಮಗು ಕೈಯಿಂದಲೇ ಅರಿಯಲಿ ಎಂಬ ಆಳವಾದ ಆಸೆ ಫ್ರೋಬೆಲ್‌ಗೆ ಇತ್ತು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ 1852ರಲ್ಲಿ ಅವರು ತೀರಿಕೊಂಡ ಮೇಲೆ ಆಸೆ ಹಿಂದೆ ಸರಿದು ವಿಧಿ ಮುಂದೆ ಬಂತು. ಚೌಕಗಳ ಗೆರೆ ಎಳೆದ ಮೇಜಿನ ಮುಂದೆ ಸಾಲಾಗಿ ಕೂತ ಮಕ್ಕಳು, ಶಿಕ್ಷಕಿ ಹೇಳಿದ ತುಂಡನ್ನು ಹೇಳಿದ ಚೌಕದಲ್ಲಿ ಎಲ್ಲರೂ ಒಟ್ಟಿಗೆ ಇಡತೊಡಗಿದರು.

ಈ ವಿಧಿಯನ್ನು ದೂರುವವರಿಗೆ ಒಂದು ಆಕ್ಷೇಪ ಸಿದ್ಧವಾಗಿಯೇ ಇದೆ. ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್, ಬಾಲ್ಯದಲ್ಲಿ ಆಡಿದ ಫ್ರೋಬೆಲ್‌ರ ಮೇಪಲ್ ಮರದ ತುಂಡುಗಳು ತನ್ನ ಬೆರಳುಗಳಲ್ಲೇ ಉಳಿದುಹೋದವು ಎಂಬರ್ಥದ ಮಾತನ್ನು ಮುಪ್ಪಿನಲ್ಲೂ ಹೇಳುತ್ತಿದ್ದರು. ಶಿಸ್ತಿನಿಂದ ಕೆಟ್ಟದ್ದೇನಾಯಿತು ಎಂದು ಕೇಳಬಹುದು. ಒಬ್ಬ ಪ್ರತಿಭಾವಂತನ ನೆನಪಿನಿಂದ ಎಲ್ಲ ಮಕ್ಕಳ ಅನುಭವವನ್ನು ಅಳೆಯಲಾಗದು ಎಂಬುದು ಒಂದು ಉತ್ತರ. ಅದಕ್ಕಿಂತ ಗಟ್ಟಿಯಾದ ಇನ್ನೊಂದಿದೆ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಈ ಉಡುಗೊರೆಗಳನ್ನು ಕಂಡ ರೈಟ್ ಅವರ ತಾಯಿ ಅವನ್ನು ಮನೆಗೇ ತಂದರು. ತರಗತಿಯ ಸಾಲಿನಲ್ಲಿ ಕೂತು ಆಜ್ಞೆಯಂತೆ ಜೋಡಿಸಿದ ಮಗು ಅವರಲ್ಲ. ಆಗ ಒಂಬತ್ತು ವರ್ಷದ ಹುಡುಗ, ಮನೆಯ ಮೇಜಿನ ಮೇಲೆ ಆಡಿದವರು. ತುಂಡುಗಳ ಗುಣ ಅವರಿಗೆ ದಕ್ಕಿದ್ದಕ್ಕೆ ತರಗತಿಯ ಕವಾಯತು ಕಾರಣ ಎನ್ನಲು ಆಧಾರವಿಲ್ಲ.

ಕವಾಯತನ್ನು ಮುರಿದವರು ಫ್ರೋಬೆಲ್ ಪರಂಪರೆಯ ಒಳಗಿನವರೇ. ಅಮೆರಿಕದ ಲೂಯಿವಿಲ್‌ನ ಆನ್ನಾ ಬ್ರಯಾನ್ ಮತ್ತು ಅವರ ಶಿಷ್ಯೆ ಪ್ಯಾಟಿ ಸ್ಮಿತ್ ಹಿಲ್ ತುಂಡುಗಳನ್ನು ಮಕ್ಕಳ ಕೈಗೇ ಬಿಟ್ಟು ನೋಡಿದರು. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್, ಅಂಗುಲದಷ್ಟು ಸಣ್ಣ ತುಂಡುಗಳು ಎಳೆಯ ಬೆರಳಿಗೂ ಕಣ್ಣಿಗೂ ತ್ರಾಸ ಎಂದರು. ಮೇಜಿನಿಂದ ನೆಲಕ್ಕೆ ಇಳಿದ ಆಟ ಪೂರ್ಣವಾದದ್ದು ಕ್ಯಾರೊಲಿನ್ ಪ್ರ್ಯಾಟ್ ಅವರಿಂದ. 1914ರಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಶಾಲೆ ತೆರೆದ ಅವರು ರೂಪಿಸಿದ ಮೂಲ ತುಂಡಿನ ಉದ್ದ 5½ ಅಂಗುಲ, ಅಗಲ ಅದರ ಅರ್ಧ, ದಪ್ಪ ಅಗಲದ ಅರ್ಧ. ಬಣ್ಣವಿಲ್ಲ, ಅಕ್ಷರವಿಲ್ಲ, ಚಿತ್ರವಿಲ್ಲ. ಸೇತುವೆ ಕಟ್ಟುವ ಮಗುವಿಗೆ ಉದ್ದದ ತುಂಡು ಸಿಗದಿದ್ದರೆ ಎರಡು ಗಿಡ್ಡ ತುಂಡು ಹೊಂದಿಸಿ ನೋಡುತ್ತದೆ, ಸರಿಹೋಗುತ್ತದೆ. ಭಿನ್ನರಾಶಿ ಅಲ್ಲಿಯೇ ಕಲಿತಾಯಿತು. ನದಿದಂಡೆಯ ಹಡಗುಕಟ್ಟೆ ನೋಡಿಬಂದ ಮಕ್ಕಳು ಅದನ್ನೇ ನೆಲದ ಮೇಲೆ ಕಟ್ಟುತ್ತಿದ್ದರು. ಪ್ರ್ಯಾಟ್ ಇದಕ್ಕೂ ಮೊದಲು ತಯಾರಿಸಿದ ಆಟದ ಬೊಂಬೆಗಳು ಪೇಟೆಯಲ್ಲಿ ಸೋತಿದ್ದವು ಎಂಬುದನ್ನೂ ಹೇಳಬೇಕು. ಒಳ್ಳೆಯ ಆಟಿಕೆಯೆಲ್ಲ ಮಾರಾಟವಾಗುವುದಿಲ್ಲ, ಏಕೆಂದರೆ ಕೊಳ್ಳುವವರು ಮಕ್ಕಳಲ್ಲ.

ಪೂರ್ತಿ ಬಿಟ್ಟುಬಿಟ್ಟರೆ ಮಗು ಕಲಿಯುವುದೇ ಎಂಬ ಸಂಶಯ ನ್ಯಾಯವಾದದ್ದು. 1907ರಲ್ಲಿ ರೋಮ್‌ನ ಬಡ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸರಿ ಅದಕ್ಕೆ ಬೇರೆಯೇ ದಾರಿಯಿಂದ ಉತ್ತರ ಕೊಟ್ಟರು. ಅವರ ಸಾಮಗ್ರಿಗಳಲ್ಲಿ ಒಂದು, ಹತ್ತು ಕುಳಿಗಳ ಮರದ ದಿಮ್ಮಿ. ಒಂದೊಂದು ಕುಳಿಗೂ ಹಿಡಿಯಿರುವ ಒಂದೊಂದು ಮರದ ಉರುಳೆ. ಒಂದನ್ನು ತಪ್ಪಾಗಿ ಹಾಕಿದರೆ ಕೊನೆಗೆ ಒಂದು ಉರುಳೆಗೆ ಜಾಗವೇ ಇರುವುದಿಲ್ಲ. ಮಗು ಎಲ್ಲ ತೆಗೆದು ಮತ್ತೆ ಶುರುಮಾಡುತ್ತದೆ. ಒಬ್ಬ ಪುಟ್ಟ ಹುಡುಗಿ ನಲವತ್ತಕ್ಕೂ ಹೆಚ್ಚು ಬಾರಿ ಅದನ್ನೇ ಮಾಡಿದ್ದನ್ನು ಮಾಂಟೆಸರಿ ದಾಖಲಿಸಿದ್ದಾರೆ. ಇಲ್ಲಿ ಶಿಸ್ತಿದೆ, ಆದರೆ ಅದು ಮರದಲ್ಲಿದೆ. ಉರುಳೆಗಳನ್ನು ರೈಲು ಮಾಡಿ ಆಡುವುದನ್ನು ಈ ಪದ್ಧತಿ ಮೆಚ್ಚುವುದಿಲ್ಲ, ಅಷ್ಟರ ಮಟ್ಟಿಗೆ ನನಗೆ ಪ್ರ್ಯಾಟ್ ಅವರ ತುಂಡುಗಳೇ ಹೆಚ್ಚು ಉದಾರವಾಗಿ ಕಾಣುತ್ತವೆ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸರಿ ಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ನಮ್ಮ ಊರುಗಳ ಶಿಶುವಿಹಾರಗಳಲ್ಲಿ ಅವರ ಹೆಸರು ಇಷ್ಟು ಹರಡಿರುವುದರ ಹಿಂದೆ ಆ ವರ್ಷಗಳಿವೆ.

ಹಾಗಾದರೆ ದೊಡ್ಡವರು ದೂರವಿರಬೇಕೆ? ಅದೂ ಅಲ್ಲ. ಆಟಿಕೆಯ ಅತಿ ದೊಡ್ಡ ಉಪಯೋಗ ಮಗುವನ್ನೂ ದೊಡ್ಡವರನ್ನೂ ಒಟ್ಟಿಗೆ ಕೂರಿಸುವುದು ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2018ರಲ್ಲಿ ವೈದ್ಯರಿಗೆ ನೀಡಿದ ವರದಿಯಲ್ಲಿ ಹೇಳಿದೆ. ನಮ್ಮ ಅಳಗುಳಿ ಮಣೆಯಲ್ಲಿ ಇದು ಸಹಜವಾಗಿಯೇ ನಡೆದುಕೊಂಡು ಬಂದಿದೆ. ಏಳೇಳರ ಎರಡು ಸಾಲು ಗುಳಿ, ಹಿಡಿ ಹುಣಸೆಬೀಜ. ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಮೊದಲೇ ಎಣಿಸದವರು ಸೋಲುತ್ತಾರೆ. ಅಜ್ಜಿ ಮೊಮ್ಮಗಳಿಗೆ ಎದುರಾಳಿಯಾಗಿ ಕೂರುತ್ತಾಳೆ, ಮೇಷ್ಟರಾಗಿ ಅಲ್ಲ. ಅದನ್ನು ಗಣಿತದ ಆಟಿಕೆ ಎಂದು ಯಾರೂ ಕರೆಯಲಿಲ್ಲ.

ಅಂಗಡಿಯ ಆ ಮೊದಲ ಪ್ರಶ್ನೆಗೆ ಮರಳೋಣ. ಚನ್ನಪಟ್ಟಣದ ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಅಲ್ಲಿ ಕೋಲಿಗೆ ಪೋಣಿಸುವ ಬಣ್ಣದ ಬಳೆಗಳ ಆಟಿಕೆಯೂ ತಯಾರಾಗುತ್ತದೆ. ಇಂಥದ್ದನ್ನು ಕೊಳ್ಳುವಾಗ ಕೋಲನ್ನು ನೋಡಬೇಕು. ಅದು ಬುಡದಿಂದ ತುದಿಯವರೆಗೆ ಒಂದೇ ದಪ್ಪವಿದ್ದರೆ ಯಾವ ಬಳೆ ಎಲ್ಲಿ ಬೇಕಾದರೂ ಕೂರುತ್ತದೆ, ಕ್ರಮವನ್ನು ಮಗುವೇ ಮಾಡಿಕೊಳ್ಳಬಹುದು. ತುದಿಗೆ ಹೋಗುತ್ತ ಸಣ್ಣಗಾಗುವ ಕೋಲಿಗೆ ತಕ್ಕಂತೆ ಬಳೆಗಳ ತೂತೂ ಬೇರೆಬೇರೆಯಾಗಿದ್ದರೆ, ಚಿಕ್ಕ ಬಳೆ ನಡುವೆಯೇ ಸಿಕ್ಕಿ ನಿಲ್ಲುತ್ತದೆ, ತಪ್ಪನ್ನು ಮಗುವೇ ಕಾಣುತ್ತದೆ. ಎರಡು ವರ್ಷದ ಮಗುವಿಗೆ ನಾನು ಮೊದಲನೆಯದನ್ನು ಆರಿಸುತ್ತೇನೆ, ಎರಡನೆಯದನ್ನು ಆರು ತಿಂಗಳು ಬಿಟ್ಟು ಕೊಡುತ್ತೇನೆ.