ರಾತ್ರಿ ಮಾತ್ರ ಸಿಗುತ್ತಿದ್ದ ಯಂತ್ರ

ಕಂಪ್ಯೂಟರ್ ಕೆಲಸದವರ ನಿದ್ದೆಗೇಡಿತನವನ್ನು ಅವರ ಸ್ವಭಾವದ ತಲೆಗೆ ಕಟ್ಟುವುದು ರೂಢಿ. ಚರಿತ್ರೆ ಬೇರೆ ಕಾರಣ ತೋರಿಸುತ್ತದೆ. 1950ರ ದಶಕದ ಕೊನೆಗೆ ಅಮೆರಿಕದ ಎಂಐಟಿಯಲ್ಲಿದ್ದ ಐಬಿಎಂ 704 ಕಂಪ್ಯೂಟರಿನ ಹತ್ತಿರ ವಿದ್ಯಾರ್ಥಿಗಳು ಸುಳಿಯುವಂತಿರಲಿಲ್ಲ. ಪಂಚ್ ಕಾರ್ಡುಗಳ ಕಟ್ಟನ್ನು ಆಪರೇಟರ್ ಕೈಗೆ ಕೊಟ್ಟು ಗಂಟೆಗಟ್ಟಲೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಸರದಿ. 1958ರಲ್ಲಿ ಲಿಂಕನ್ ಪ್ರಯೋಗಾಲಯದಿಂದ ಟಿಎಕ್ಸ್-0 ಎಂಬ ಟ್ರಾನ್ಸಿಸ್ಟರ್ ಯಂತ್ರ ಅಲ್ಲಿಗೆ ಬಂತು. ಅದರ ಮುಂದೆ ನೇರವಾಗಿ ಕೂತು ತಪ್ಪನ್ನು ಅಲ್ಲೇ ತಿದ್ದಬಹುದಿತ್ತು, ಆದರೆ ಒಂದು ಹೊತ್ತಿಗೆ ಒಬ್ಬರೇ. ಹಾಳೆಯಲ್ಲಿ ಹೆಸರು ಬರೆದು ಹೊತ್ತು ಕಾಯ್ದಿರಿಸಬೇಕು. ಹಗಲೆಲ್ಲ ಸಂಶೋಧಕರ ಪಾಲು. ಕಂಪ್ಯೂಟರಿನ ಗೀಳು ಹತ್ತಿದ್ದ, ಎಂಐಟಿಯ ಮಾದರಿ ರೈಲಿನ ವಿದ್ಯಾರ್ಥಿ ಕ್ಲಬ್ಬಿನ ಹುಡುಗರಿಗೆ ಉಳಿದದ್ದು ನಡುರಾತ್ರಿ. ಹೆಸರು ಬರೆಸಿದವರು ಬಾರದಿದ್ದರೆ ಆ ಗಂಟೆಯೂ ಸಿಕ್ಕೀತೆಂದು ಅವರು ಅಲ್ಲೇ ಸುತ್ತಾಡುತ್ತಿದ್ದರು. ಅಷ್ಟು ದುಬಾರಿ ಯಂತ್ರ ಸುಮ್ಮನೆ ಕೂರಬಾರದಿತ್ತು; ಹುಡುಗರ ನಿದ್ದೆಗೆ ಯಾರೂ ಲೆಕ್ಕ ಇಟ್ಟಿರಲಿಲ್ಲ.

ಅವರು ಇಷ್ಟಪಟ್ಟೇ ಎಚ್ಚರವಿದ್ದರಲ್ಲ ಎನ್ನಬಹುದು. ನಿಜ, ಪ್ರೋಗ್ರಾಂ ಬರೆಯಲು ಅಡ್ಡಿಯಿಲ್ಲದ ಏಕಾಗ್ರತೆ ಬೇಕು, ತಡವಾಗಿ ಮಲಗುವ ದೇಹಪ್ರಕೃತಿಯವರೂ ಇದ್ದಾರೆ. ಆದರೆ ಮೌನವೊಂದೇ ಬೇಕಿದ್ದರೆ ನಸುಕಿನಲ್ಲಿ ಎದ್ದು ಕೂತರೂ ಸಾಕಿತ್ತು. 1961ರಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಹಲವರು ಒಂದೇ ಯಂತ್ರವನ್ನು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಎಂಐಟಿಯಲ್ಲೇ ತೋರಿಸಿತು. ಅಂಥ ವ್ಯವಸ್ಥೆಗಳಲ್ಲೂ ಜನ ಹೆಚ್ಚಿದಷ್ಟು ಹಗಲು ಯಂತ್ರ ನಿಧಾನ, ರಾತ್ರಿ ಚುರುಕು. ಇಷ್ಟ ಬೆಳೆದದ್ದೂ ಯಂತ್ರ ಬಿಡುವಾಗುತ್ತಿದ್ದ ಹೊತ್ತಿನ ಸುತ್ತಲೇ.

ಅಗ್ಗದ ಕಂಪ್ಯೂಟರ್ ಮೇಜಿಗೆ ಬಂದಾಗ ಈ ಕಾರಣ ತೀರಿತು. ಬೆಂಗಳೂರಿಗೆ ಮಾತ್ರ ಇನ್ನೊಂದು ಕಾರಣ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದು, ಉಪಗ್ರಹದ ಮೂಲಕ ಅಮೆರಿಕದೊಂದಿಗೆ ಕೆಲಸ ಹಂಚಿಕೊಳ್ಳುವ ದಾರಿ ತೋರಿಸಿತು. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ಗಂಟೆ ಇಲ್ಲಿ ಬೇಸಿಗೆಯಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಅವರು ಗಡಿಯಾರ ತಿರುಗಿಸಿದರೆ ನಮ್ಮ ಮನೆಗಳ ಊಟದ ಹೊತ್ತು ಸರಿಯುತ್ತದೆ. ಅವರೇ ಕಾಲ್‌ಗೆ ಬೆಳಿಗ್ಗೆ 7ಕ್ಕೆ ಕೂತರೆ ಇಲ್ಲಿ ಎರಡು ಗಂಟೆ ನಿದ್ದೆ ಉಳಿಯುತ್ತದೆ, ಆದರೆ ಹೊತ್ತು ಗೊತ್ತುಮಾಡುವವರು ಹಣ ಕೊಡುವವರು. ಆಸ್ಪತ್ರೆ, ಗಿರಣಿಗಳಲ್ಲೂ ರಾತ್ರಿಪಾಳಿ ಇಲ್ಲವೇ? ಇದೆ, ಅಲ್ಲಿ ಪಾಳಿ ಮುಗಿದರೆ ಬದಲಿಯವರು ಬರುತ್ತಾರೆ. ಕೋಡ್ ಬರೆಯುವವರಲ್ಲಿ ಎಷ್ಟೋ ಮಂದಿ ಹಗಲಿನ ಕೆಲಸ ಮುಗಿಸಿ ರಾತ್ರಿಯ ಕಾಲ್‌ಗೂ ಕೂರುತ್ತಾರೆ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಂಗಸರ ರಾತ್ರಿ ದುಡಿಮೆಯನ್ನು ತಡೆದಿತ್ತು. ಐಟಿಗಾಗಿ ಅದನ್ನು ಸಡಿಲಿಸಿದಾಗ ಸಾರಿಗೆ, ಭದ್ರತೆಯ ಷರತ್ತುಗಳು ಸೇರಿದವು. ಕ್ಯಾಬ್ ಹತ್ತಿ ಹೋಗುವ ರಾತ್ರಿಗೆ ಹೀಗೆ ನಿಯಮವಿದೆ. ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂರುವ ರಾತ್ರಿಯನ್ನು ಪಾಳಿಯೆಂದು ಬರೆದಿಡುವವರು ಕಡಿಮೆ.